ಜಮಾ

ಮದುವೆ ಕಾರ್ಡು ಕತ್ತರಿಸಿ ಉಳಿದ ಕಾಗದ
ನಮ್ಮ ಪ್ರೆಸ್ಸಿನಾಗ ಮೌನೇಶನ ಪಾಲು.
ಅರಿಷಿಣದ ಅಂಚು ಹಂಗೇ ಇರ್ತದ. ಇರಲಿ ಅಂತಾನ,
ದೆವ್ವಕ್ಕೂ ಒಮ್ಮೆ ಲಗ್ನ ಆಗಿರ್ತದ.

ಹಗಲು ತೀನ್ ಕಂದೀಲಿನಾಗ ಟಂಟಂ ನಂಬರ್ ಪ್ಲೇಟು ಬರೀತಾನ,
ರಾತ್ರಿ ಅದೇ ಕರಿ ಡಬ್ಬಿ, ಸಣ್ಣ ಕುಂಚ.
ಹನ್ನೆರಡು ವರ್ಷಕ್ಕ ಹತ್ತು ಪುಸ್ತಕ.
ಕೋರೆಹಲ್ಲಿಲ್ಲ, ನೆತ್ತರಿಲ್ಲ, ತಿರುವಿದ ಪಾದ ಇಲ್ಲ:
ಶಕ್ತಿನಗರದ ಒಂದು ಕ್ವಾರ್ಟರ್ಸು,
ಹಗ್ಗದ ಮ್ಯಾಲೆ ಬಿಳಿ ದುಪ್ಪಡಿ,
ರಾತ್ರಿಯಿಡೀ ಉದುರಿದ ಬೂದಿ.
ಬೂದಿ ಬೀಳದ ಜಾಗ ಮಾತ್ರ
ಒಬ್ಬ ಮನುಷ್ಯಾನ ಅಳತಿ.

ಹೆದರಿಕಿ ಎಲ್ಲದಪ್ಪ ಇದರಾಗ? ಅಂದೆ.
ಮುಂದಿನ ಚೌಕ ಖಾಲಿ ಬಿಟ್ಟೀನಿ, ನೋಡು, ಅಂದ.

ಬೆಲಿ ಇಪ್ಪತ್ತು. ಬಸ್ ಸ್ಟ್ಯಾಂಡಿನ ಪೇಪರ್ ಅಂಗಡ್ಯಾಗ
ಪಂಚಾಂಗದ ಹಿಂದ ಇಡ್ತಾರ.
ಮುನ್ನೂರು ಹಾಕಿದ್ರ ಇನ್ನೂರು ತಿರುಗಿ ಬರ್ತಾವ,
ಒಂದೆರಡು ಮಿರ್ಚಿ ಎಣ್ಣಿ ಕುಡದು.

ಹೋದ ವಾರ ಲಿಂಗಸುಗೂರಿನಿಂದ ಒಬ್ಬಾಕಿ ಬಂದ್ಲು, ನರ್ಸು.
ಪುಸ್ತಕ ಮೇಜಿನ ಮ್ಯಾಲೆ ಬೋರಲು ಹಾಕಿ,
ಮೂರು ದಿನ ಆತು, ಅರಿವಿ ಹೊರಗ ಒಣಹಾಕಿಲ್ಲ,
ನನ್ನ ರೊಕ್ಕ ಕೊಡ್ರಿ, ಅಂದ್ಲು.

ಮೌನೇಶ ಎಣಿಸಿ ಕೊಟ್ಟ.
ಆಕಿ ಮೆಟ್ಟಲ ಇಳದ ಮ್ಯಾಲೆ
ಲೆಕ್ಕದ ವಹಿ ತಗದು
ಆ ಇಪ್ಪತ್ತನ್ನ
ಜಮಾದ ಕಡೆ ಬರದ.