ಕದ ತೆರೆದವರು

ರುಸ್ತಾವಿಯಿಂದ ಬಂದವಳು ಮೂರನೆಯ ಸಲ ಕೇಳುತ್ತಾಳೆ:
ಯಾರು ಬಿಟ್ಟರು ಅದನ್ನು ಒಳಗೆ?
ಕೈ ತೊಳೆಸಿದ್ದೆ. ನೀರು ಕುದಿಸಿದ್ದೆ.
ಪೀಚ್ ಹಣ್ಣು ಕೂಡ ಸಿಪ್ಪೆ ಸುಲಿದೇ ಕೊಟ್ಟಿದ್ದೆ.
ಗಾಜಿನಾಚೆ ಅವಳ ಮಗ ವಾಝಿಕೊ,
ಮೂರು ವರ್ಷ, ಕಳಚಿಟ್ಟ ಕಾಲುಚೀಲದ ಹಾಗೆ ಮುದುಡಿ.

ನಾನು ಲಾಮಾರಾ. ಮೂವತ್ತೊಂದು ವರ್ಷದಿಂದ
ತ್ಬಿಲಿಸಿಯ ಈ ನೆಲಮಾಳಿಗೆಯಲ್ಲಿ
ಪರರ ಹೊಟ್ಟೆಯ ಗುಟ್ಟು ಗಾಜಿನ ಮೇಲೆ ಸವರುವವಳು.
ಸಮಾಧಾನ ಹೇಳಿ ಅಭ್ಯಾಸವಿಲ್ಲ.
ಕಂಡದ್ದು ಹೇಳುತ್ತೇನೆ, ಕೂರು.

ಅದಕ್ಕೆ ಬಾಲವಿಲ್ಲ, ಈಜು ಬಾರದು.
ಕರುಳ ಕಾಲುವೆಯಲ್ಲಿ ಸುಮ್ಮನೆ ತೇಲಿ ಬಂದದ್ದು,
ಹತ್ತೋ ನೂರೋ, ಅಷ್ಟೇ ಸಾಕು.
ಗೋಡೆಯಲ್ಲಿ ಕೆಲವು ಕಾವಲು ಕೋಶಗಳಿವೆ:
ದಾರಿಹೋಕರನ್ನು ಹಿಡಿದು
ಹಿತ್ತಿಲ ಪಡೆಗೆ ಒಪ್ಪಿಸುವುದೇ ಅವುಗಳ ಕೆಲಸ.
ಅವೇ ಎತ್ತಿಕೊಂಡು ಹೋದವು.
ತಪ್ಪೇನು?

ಅಲ್ಲಿ, ಬೆನ್ನ ಕಡೆಯಿಂದ, ಅಂಟುತ್ತದೆ.
ಒಂದು ಕೂದಲನ್ನು ಸಾವಿರ ಸೀಳು ಸೀಳು,
ಸೀಳಿನ ದಪ್ಪ ಎಷ್ಟೋ ಅದರ ಸೂಜಿ ಅಷ್ಟುದ್ದ.
ಚುಚ್ಚುವುದು ಗಾಯಕ್ಕಲ್ಲ,
ಒಳಗೊಂದು ಮಾತು ಹಾಕಲಿಕ್ಕೆ.
ಮಾತು ತಲುಪಿದ್ದೇ ಕೋಶದ ಅಂಚು
ಖಿನ್‌ಕಾಲಿ ಕಡುಬಿನ ಕಣಕದಂತೆ
ನೆರಿಗೆ ನೆರಿಗೆಯಾಗಿ ಏಳುತ್ತದೆ, ಬಳಸುತ್ತದೆ,
ಹೂರಣದ ಮೇಲೆ ಬಾಯಿ ಕಟ್ಟಿಕೊಳ್ಳುತ್ತದೆ.
ಯಾರೂ ಒಡೆಯಲಿಲ್ಲ ಕದ.
ಒಳಗಿನವರೇ ಎದ್ದು ಬಂದು ತಬ್ಬಿಕೊಂಡರು.

ಅತಿಥಿ ದೇವರು ಕಳಿಸಿದವನು ಎನ್ನುತ್ತೇವಲ್ಲ ನಾವು.
ಕಾಖೇತಿಯಲ್ಲಿ ನನ್ನಜ್ಜಿ ಒಬ್ಬನಿಗೆ ಹಾಸಿಗೆ ಹಾಸಿದಳು;
ಬೆಳಗಾದರೆ ಹಸು ಇರಲಿಲ್ಲ, ಹಗ್ಗವೂ.
ಮಾರನೆಯ ರಾತ್ರಿ ಮತ್ತೆ ಯಾರೋ ಬಡಿದರು.
ತೆರೆದಳು.
ಅವಳನ್ನು ಬೈಯಲು ನನಗಿನ್ನೂ ಬಂದಿಲ್ಲ.

ಹೊಕ್ಕಮೇಲೆ ಆ ಮನೆಯ ತೊಲೆ ಜಂತಿಗಳನ್ನೇ
ಬೆನ್ನ ಹಿಂದೆ ಪೇರಿಸಿ, ನೂಕಿಕೊಂಡು,
ಅಂಗಳಕ್ಕೆ ಇಳಿಯದೆಯೇ ಪಕ್ಕದ ಮನೆ ಸೇರುತ್ತದೆ.
ನೀನು ಕಂಡ ನೆತ್ತರು
ಬಹುಪಾಲು ನಮ್ಮ ಪಡೆಯೇ ಹಚ್ಚಿದ ಬೆಂಕಿ.

ನನ್ನ ಕಪಾಟಿನಲ್ಲೊಂದು ಸೀಸೆ, ತಿಳಿಹಳದಿ ನೀರು.
ಅದರಲ್ಲಿರುವವು ಇನ್ನೂ ಚಿಕ್ಕವು,
ಹುಡುಕಿಕೊಂಡು ಹೋಗಿ ಇವುಗಳ ಮೈಗೇ ಅಂಟುವವು.
ಇವಕ್ಕೂ ಒಂದು ಕದವಿದೆ ಎನ್ನುವುದು
ಈ ಕೆಲಸ ನನಗೆ ಕೊಟ್ಟ ಸಣ್ಣ ಸುಖ.
ನಿನ್ನ ಮಗನ ಹುಳಕ್ಕೆ ಹಿಡಿಯುತ್ತದೋ ಇಲ್ಲವೋ
ನಾಳೆ ಹತ್ತು ಗಂಟೆಗೆ, ತಟ್ಟೆ ನೋಡಿ ಹೇಳುತ್ತೇನೆ.

ಅವಳು ಅಳಲಿಲ್ಲ. ಚೀಲಕ್ಕೆ ಕೈ ಹಾಕಿ
ಉಳಿದಿದ್ದ ಒಂದು ಪೀಚ್ ತೆಗೆದು ಚಾಚಿದಳು.
ತೊಳೆದದ್ದೋ ಏನೋ, ಕೇಳಲಿಲ್ಲ.
ಕೈಗವಸು ಕಳಚಿ
ತೆಗೆದುಕೊಂಡೆ.