ತುಕ್ಕುಗೈ

ಬೈಕಂಪಾಡಿಯ ನಮ್ಮ ಕಾರ್ಖಾನೆಯ ಫಲಕದಲ್ಲಿ ಈ ವಾರದ ಸುದ್ದಿ:
ಹೊಸ ಗ್ರೈಂಡಿಂಗ್ ಯಂತ್ರ ಪಣಂಬೂರಿನಲ್ಲಿ ಹಡಗಿಂದ ಇಳಿದಿದೆ,
ಗುರುವಾರ ಕ್ಯಾಂಟೀನಿನಲ್ಲಿ ನೀರುದೋಸೆ,
ಅಳತೆಕೋಣೆಗೆ ಯತಿರಾಜ ಕರ್ಕೇರ ಬರಕೂಡದು.

ಯತಿರಾಜ ಕರ್ಕೇರ ಅಂದರೆ ನಾನೇ.

ಆ ಕೋಣೆಯಲ್ಲಿ ವರ್ಷವಿಡೀ ಇಪ್ಪತ್ತು ಡಿಗ್ರಿ.
ಹೊರಗಿಂದ ಬಂದ ಉಕ್ಕನ್ನು ತಕ್ಷಣ ಅಳೆಯುವ ಹಾಗಿಲ್ಲ.
"ಬಿಸಿಲು ಇಳಿಯಲಿ ಮಾರಾಯ, ಈಗ ಅದು ಉಬ್ಬಿಕೊಂಡುಂಟು"
ಎಂದು ಸೆವ್ರಿನ್ ಬಾಯಿ ಅದನ್ನು ಕಲ್ಲಿನ ಮೇಜಿನ ಮೇಲೆ
ರಾತ್ರಿಯಿಡೀ ಮಲಗಿಸುತ್ತಾರೆ.

ಒಂದು ದಿನ ಎರಡು ಅಳತೆಗಟ್ಟಿ ತೆಗೆದು
ಒಂದರ ಮೇಲೊಂದು ಜಾರಿಸಿ ತಿರುವಿದರು.
ಅಂಟಿಲ್ಲ, ಅಯಸ್ಕಾಂತವಿಲ್ಲ, ಎಳೆದರೂ ಬಿಡುವುದಿಲ್ಲ!
"ಅಷ್ಟು ನುಣುಪು. ನಡುವೆ ಗಾಳಿಗೂ ಕೂರಲು ಜಾಗವಿಲ್ಲ."
ಮರುಳಾಗಿ ಬರಿಗೈಯಲ್ಲಿ ಎತ್ತಿಕೊಂಡೆ.
ಅದು ಶನಿವಾರ.

ಸೋಮವಾರ ಗಟ್ಟಿಯ ಮೇಲೆ ನನ್ನ ಹೆಬ್ಬೆಟ್ಟು ಎದ್ದಿತ್ತು
ಕಂದು ಬಣ್ಣದಲ್ಲಿ, ಸುಳಿ ಸುಳಿಯಾಗಿ;
ಆಧಾರ್ ಯಂತ್ರ ಮೂರು ಸಲ ಓದಲಾರದೆ ಬಿಟ್ಟ
ಅದೇ ಹೆಬ್ಬೆಟ್ಟು.

"ಕೆಲವರ ಬೆವರು ಹಾಗೆ, ಉಕ್ಕು ತಿನ್ನುತ್ತದೆ.
ನಿನ್ನದು ತುಕ್ಕುಗೈ."
ಬೈದದ್ದಲ್ಲ. ರಕ್ತದ ಗುಂಪು ಹೇಳುವವರ ದನಿ.

ಬೂತಾಯಿಗೆ ಉಪ್ಪು ಸವರುತ್ತಿದ್ದ ಅಮ್ಮ ತಲೆಯೆತ್ತಲಿಲ್ಲ:
"ನಿನ್ನ ಅಜ್ಜ ಮುಟ್ಟಿದ ಬೀಗ
ಒಂದು ಮಳೆಗಾಲ ದಾಟಿದ್ದಿಲ್ಲ."

ಗಟ್ಟಿಯನ್ನು ಗುಜರಿಗೆ ಹಾಕಿರಬೇಕು ಅಂದುಕೊಂಡಿದ್ದೆ.
ನಿನ್ನೆ ಗಾಜಿನಾಚೆಯಿಂದ ಸೆವ್ರಿನ್ ಬಾಯಿ ಕರೆದು
ಒಂದು ಚೀಟಿಯನ್ನು ಗಾಜಿಗೆ ಒತ್ತಿ ಹಿಡಿದರು.
ನನ್ನ ಗುರುತಿನ ಜಾಗ ಅಳೆದಿದ್ದಾರೆ:
ಎರಡು ಮೈಕ್ರಾನ್ ಜಾಸ್ತಿ.

ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ನಕ್ಕೆ.