ಚೀಲದಲ್ಲಿ ಬಂದ ಬಾಗಿಲು

ಬೈಕಂಪಾಡಿಯ ಮೀನಿನ ಕಂಪನಿ, ರಾತ್ರಿ ಹತ್ತೂವರೆ.
ಗೇಟಿನಲ್ಲಿ ಇದಿನಬ್ಬನವರ ಪುಸ್ತಕ:
ಹೆಸರು, ಬಂದ ಹೊತ್ತು, ಬಂದ ಕಾರಣ.
ಏಳು ವರ್ಷದಿಂದ ನನ್ನ ಮುಖ ಗೊತ್ತು ಅವರಿಗೆ.
ಮುಖಕ್ಕೆ ಕಾಲಂ ಇಲ್ಲ.
ಬರೆದೆ: ಐರಿನ್ ಮಸ್ಕರೇನ್ಹಸ್. ಟೆಂಪ್ಲೇಟ್ ಇನ್‌ಸ್ಟಾಲ್.
ಕನ್ನಡಕ ಏರಿಸಿ ಓದಿದರು.
"ಈ ಹೊತ್ತಿಗೆ ಯಾವ ಟೆಂಪಲ್ ಮೇಡಂ?"

ಅಚ್ಚು, ಎಂದೆ. ಯಾರೋ ಮಾಡಿಟ್ಟ ಇಡೀ ಯಂತ್ರದ ಅಚ್ಚು.
ತಂದು ಬಿಚ್ಚಿದರೆ ನಮ್ಮಲ್ಲೂ ಅಂಥದೇ ಒಂದು ಏಳಬೇಕು,
ಐಸಿನ ಲೆಕ್ಕ, ದೋಣಿಯ ಲೆಕ್ಕ, ಕಂಟೈನರಿನ ಲೆಕ್ಕ
ಕಲಿತುಕೊಂಡೇ ಹುಟ್ಟಿರುತ್ತದೆ.
ನಕ್ಕರು. ಹೊಯ್ಗೆಬಜಾರಿನ ಹಂಚಿನ ಕಾರ್ಖಾನೆಯಲ್ಲಿ
ಇಪ್ಪತ್ತು ವರ್ಷ ಅಚ್ಚು ಒತ್ತಿದ ಕೈ ಅದು.

ಮೂರು ಫೈಲು. ಮೊದಲನೆಯದು ಬಿಚ್ಚಿತು,
ಎರಡನೆಯದು ಬಿಚ್ಚಿತು. ಮೂರನೆಯದಕ್ಕೆ ಉತ್ತರ:
ಇದು ಜಿಪ್ ಅಲ್ಲ.
ಹೆಸರಿನ ಬಾಲದಲ್ಲೇ ಜಿಪ್ ಅಂತ ಉಂಟಲ್ಲ ಮಾರಾಯ?
ಇದು ಜಿಪ್ ಅಲ್ಲ.
ಹೆಸರು ಬದಲಿಸಿದೆ. ಬೇರೆ ಫೋಲ್ಡರಿಗೆ ಹಾಕಿದೆ.
ಅನುಮತಿ ಕೊಟ್ಟೆ, ಒಡೆತನ ಕೊಟ್ಟೆ,
ಕೊನೆಗೆ ರೀಸ್ಟಾರ್ಟ್,
ಉಪಾಯ ಮುಗಿದವರ ಪ್ರಾರ್ಥನೆ.

ಒಂದು ಗಂಟೆಗೆ ಫ್ಲಾಸ್ಕಿನ ಚಾ ಹಿಡಿದು ಇದಿನಬ್ಬ ಬಾಗಿಲಲ್ಲಿ.
"ಎದ್ದಿತಾ?"
ಇಲ್ಲ.
"ಅಚ್ಚು ಸರಿ ಇದ್ದೂ ಹಂಚು ಬರ್ಲಿಲ್ಲ ಅಂದ್ರೆ
ಮಣ್ಣು ತೂಗಿ ನೋಡ್ಬೇಕು. ನಾವು ಹಾಗೆ ಮಾಡ್ತಿದ್ದದ್ದು."

ತೂಗಿದೆ.
ನಾಲ್ಕು ಜಿಬಿ ಇರಬೇಕಾದದ್ದು ಹದಿನಾಲ್ಕು ಕೆಬಿ.
ಗೋಣಿಯಲ್ಲಿ ಅಕ್ಕಿಯಿಲ್ಲ, ಒಂದು ಚೀಟಿ ಇದೆ.
ಚೀಟಿ ಬಿಡಿಸಿದರೆ ಅದೊಂದು ಬಾಗಿಲು.
ದಯವಿಟ್ಟು ಲಾಗಿನ್ ಆಗಿ.
ಹೆಸರು. ಪಾಸ್‌ವರ್ಡ್. ನನ್ನನ್ನು ನೆನಪಿಡಿ.

ಎರಡು ಫೈಲು ಇಳಿಯುವಷ್ಟರಲ್ಲಿ
ಆ ಕಡೆಯವರಿಗೆ ನನ್ನ ಗುರುತು ಅಳಿದುಹೋಗಿದೆ.
ಮೂರನೆಯದನ್ನು ಕೇಳಿದಾಗ
ಕಾವಲುಗಾರ ಹೊರಗೆ ಬಂದು ಯಾರು ನೀನು ಎಂದಿದ್ದಾನೆ.
ಇಳಿಸುವ ನನ್ನ ಸ್ಕ್ರಿಪ್ಟಿಗೆ ಕಿವಿಯಿಲ್ಲ,
ಆ ಪ್ರಶ್ನೆಯನ್ನೇ ಸರಕೆಂದು ನಂಬಿ
ಬಾಗಿಲನ್ನೇ ಕಿತ್ತು, ಚೀಲಕ್ಕೆ ತುಂಬಿ, ಬಾಯಿ ಹೊಲಿದು ತಂದಿದೆ.
ಅದನ್ನು ಎರಡೂವರೆ ತಾಸು
ಒಡೆಯಲು ನೋಡಿದವಳು ನಾನು.
ತಟ್ಟಿದ್ದರೆ ಸಾಕಿತ್ತು.

ಮತ್ತೆ ಇಳಿಸಿದೆ. ಈ ಸಲ ತೂಕ ಸರಿ.
ಮೂರೂ ಸೇರಿ ಒಂದಾಗಿ ಕಪ್ಪು ಪರದೆಯಲ್ಲಿ
ಹೊಸ ಯಂತ್ರ ಕಣ್ಣು ಬಿಟ್ಟಿತು. ಬಿಟ್ಟದ್ದೇ ಕೇಳಿತು: ಲಾಗಿನ್?
ಕಾಗದದಲ್ಲಿದ್ದ ಪಾಸ್‌ವರ್ಡ್ ಹೊಡೆದೆ. ತಪ್ಪು.
ಮೆಲ್ಲ ಹೊಡೆದೆ. ತಪ್ಪು.
ಬಾಯಲ್ಲಿ ಒಂದೊಂದೇ ಅಕ್ಷರ ಹೇಳಿಕೊಂಡು, ಶಾಲೆಯ ಮಗುವಿನ ಹಾಗೆ. ತಪ್ಪು.
ಗುಟ್ಟನ್ನು ಅದು ಚುಕ್ಕಿಯಾಗಿಯೂ ತೋರಿಸುವುದಿಲ್ಲ.
ಕೊನೆಗೆ ಹೆಸರಿನ ಜಾಗದಲ್ಲೇ ಗುಟ್ಟನ್ನು ಬರೆದೆ,
ಬೆಳಕಿಗೆ ಬಂದರೆ ಕಾಣುತ್ತದಲ್ಲ ಎಂದು.
ನಾನು ಒತ್ತಿದ್ದು ಇಮೇಲಿನ ಸುರುಳಿ,
ಅಲ್ಲಿ ಬಿದ್ದದ್ದು ಜೋಡಿ ಕೊಕ್ಕೆ.
ಅಚ್ಚು ಮಾಡಿದವನ ಕೀಲಿಮಣೆ ಬೇರೆ ದೇಶದ್ದು.

ಆಶ್ಚರ್ಯ ಎಂತದು. ಹಗಲು ಇದೇ ಗೇಟಿನಲ್ಲಿ
ಒಂದೇ ಬುಟ್ಟಿಯ ಮೀನಿಗೆ ಲೋಡಿಂಗಿನ ಸೇಸಪ್ಪ ಬೂತಾಯಿ ಅಂತಾನೆ,
ಇದಿನಬ್ಬ ಮತ್ತಿ ಅಂತಾರೆ, ನಮ್ಮಮ್ಮ ತಾರ್ಲೆ.
ಬಿಲ್ಲಿನಲ್ಲಿ ಸಾರ್ಡೀನ್.
ಮುಳ್ಳು ಸಿಕ್ಕಿದರೆ ಎಲ್ಲರದೂ ಒಂದೇ ಕೆಮ್ಮು.

ಸುರುಳಿ ಎಂಟರ್ ಕೀಯ ಹತ್ತಿರ ಅಡಗಿ ಕೂತಿತ್ತು.
ಒತ್ತಿದೆ. ತೆರೆಯಿತು.
ತೆರೆದು ಆಡಿದ ಮೊದಲ ಮಾತು:
ಈ ಪಾಸ್‌ವರ್ಡ್ ಹಳತಾಗಿದೆ, ಬದಲಿಸಿ.

ಐದೂಮುಕ್ಕಾಲು. ಪಣಂಬೂರಿನ ಕಡೆ ಹಡಗೊಂದು ಕೂಗಿತು.
ಹೋದ ಹೊತ್ತು ಬರೆಯಲು ಪುಸ್ತಕ ತೆರೆದರೆ
ಬಂದ ಕಾರಣದಲ್ಲಿ ನನ್ನ ಅಕ್ಷರದ ಮೇಲೆ
ಪೆನ್ಸಿಲಿನ ಗೀಟು. ಪಕ್ಕದಲ್ಲಿ, ದುಂಡಗೆ: ಅಚ್ಚು.
ನಮಾಜು ಮುಗಿಸಿ ಬಂದ ಇದಿನಬ್ಬ ಕೇಳಿದರು,
"ಸುಟ್ಟದ್ದಾ, ಹಸಿಯಾ?"
ಹಸಿಯೇ, ಎಂದೆ.
ಸೋಮವಾರ ಎಲ್ಲ ಒಟ್ಟಿಗೆ ಹತ್ತಿ ನಿಂತಾಗ
ಗೊತ್ತಾಗುತ್ತದೆ.